ಸ್ವೀಡನ್ನಿಗೆ ಒಯ್ದ ಎದೆಗೂಡು

ವಡಾಲ, ಹೊರಡುವ ದಿನ

ವಿದೇಶಕ್ಕೆ ಹೊರಟವರ ಚೀಲದಲ್ಲಿ ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಇರುವುದು ಸಹಜ. ನನ್ನ ಚೀಲದಲ್ಲಿ ಅವುಗಳ ಜೊತೆಗೆ ಒಂದು ಎದೆಗೂಡೂ ಇತ್ತು. ಪ್ಲಾಸ್ಟಿಕ್ಕಿನದು. ಎಲುಬು ಎಲುಬಾಗಿ ಕಂಪ್ಯೂಟರಿನಲ್ಲಿ ಕಟ್ಟಿ, ಆಮೇಲೆ ಯಂತ್ರದಲ್ಲಿ ಅಚ್ಚು ಹಾಕಿ ತೆಗೆದದ್ದು. ಸೂಟ್‌ಕೇಸಿನಲ್ಲಿಟ್ಟರೆ ಮುರಿದೀತೆಂದು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಿದ್ದೆ. ಅಷ್ಟು ದೊಡ್ಡ ಟೊಳ್ಳು ಜಾಗ ಸುಮ್ಮನೆ ಹಾಳಾಗುತ್ತದಲ್ಲ ಎಂದು ನನ್ನಮ್ಮ ಅದರೊಳಗೆ ಚಕ್ಕುಲಿಯ ಪೊಟ್ಟಣ ತುರುಕಿದ್ದಳು. ಅದು ನನಗೆ ಗೊತ್ತಾದದ್ದು ಮುಂಬಯಿ ವಿಮಾನ ನಿಲ್ದಾಣದಲ್ಲಿ.

ತಪಾಸಣೆಯ ಯಂತ್ರದೊಳಗೆ ಹೋದ ಚೀಲ ಹೊರಗೆ ಬರಲಿಲ್ಲ. ಪರದೆಯ ಮುಂದೆ ಕೂತಿದ್ದ ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದಿದ್ದರು. ಪರದೆಯ ಮೇಲೆ ಅಚ್ಚುಕಟ್ಟಾದ ಪಕ್ಕೆಲುಬುಗಳು, ನಡುವೆ ಎದೆಮೂಳೆ, ಹೃದಯ ಇರಬೇಕಾದ ಜಾಗದಲ್ಲಿ ಸುರುಳಿ ಸುರುಳಿಯಾದ ಎಂಥದೋ. ಅವರು ಇನ್ನಿಬ್ಬರನ್ನು ಕರೆದು ತೋರಿಸಿದರು. ನಾನು ಎದೆಗೂಡಿಗೆ ಸುತ್ತಿದ್ದ ಸೀರೆ ಬಿಚ್ಚಿ, ವಾಹನ ಡಿಕ್ಕಿಯಾದಾಗ ಎದೆಗೆ ಏನಾಗುತ್ತದೆಂದು ಅಧ್ಯಯನ ಮಾಡುವವಳು ನಾನು, ಸ್ವೀಡನ್ನಿನವರಿಗೆ ತೋರಿಸಲು ಈ ಮಾದರಿ ಒಯ್ಯುತ್ತಿದ್ದೇನೆ ಎಂದು ಹಿಂದಿಯಲ್ಲಿ ವಿವರಿಸಿದೆ. ಅವರಲ್ಲೊಬ್ಬರು ತಕ್ಷಣ ತಮ್ಮ ಎಡಪಕ್ಕೆ ಮುಟ್ಟಿಕೊಂಡರು. ಹೈವೇಯಲ್ಲಿ ಬೈಕಿನಿಂದ ಬಿದ್ದಿದ್ದರಂತೆ, ಇನ್ನೂ ಕೆಮ್ಮಿದರೆ ನೋಯುತ್ತದಂತೆ. ಯಾವ ಎಲುಬು ಇರಬಹುದು ತೋರಿಸಿ ಎಂದರು. ಹಿಂದಿನ ಸಾಲಿನವರು ಗೊಣಗುತ್ತಿದ್ದರೂ ನಾವು ಎಲ್ಲರೂ ಬಗ್ಗಿ ಆ ಎಲುಬನ್ನು ಹುಡುಕಿದೆವು. ಚಕ್ಕುಲಿಯನ್ನು ಒಯ್ಯಲು ಯಾರ ಅಭ್ಯಂತರವೂ ಇರಲಿಲ್ಲ.

ನಾನು ವಿಲೆ ಪಾರ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಎದೆಯ ಪೆಟ್ಟಿನ ಬಗ್ಗೆ ಲೋಕದಲ್ಲಿ ನಡೆದ ಅಧ್ಯಯನವೆಲ್ಲ ಹೆಚ್ಚಾಗಿ ಕಾರಿನಲ್ಲಿ ಬೆಲ್ಟು ಹಾಕಿಕೊಂಡು ಕೂತವನದು. ನಮ್ಮ ರಿಕ್ಷಾದವನ ಎದೆಯ ಮುಂದೆ ಇರುವುದು ಹ್ಯಾಂಡಲ್ ಒಂದೇ. ಅವನ ಸಲುವಾಗಿ ನಾನು ಮತ್ತು ನನ್ನ ಜೊತೆಗಾರ ಸಿದ್ದೇಶ ಕಂಪ್ಯೂಟರಿನಲ್ಲಿ ಎರಡು ಎದೆ ಕಟ್ಟಿದ್ದೆವು. ಒಂದು ಮನುಷ್ಯನದು, ಇನ್ನೊಂದು ಹಂದಿಯದು. ಹಂದಿ ಯಾಕೆಂದರೆ ಅದರ ಎದೆಯ ಗಾತ್ರ ನಮ್ಮದಕ್ಕೆ ಹತ್ತಿರ. ಜಜ್ಜಿದ ಶ್ವಾಸಕೋಶದಲ್ಲಿ ರಕ್ತ ಹೇಗೆ ಒಸರುತ್ತದೆಂಬುದು ಜೀವವಿದ್ದರೆ ಮಾತ್ರ ತಿಳಿಯುವುದರಿಂದ, ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿದ ಹಂದಿಗಳ ಎದೆಗೆ ಯಂತ್ರದಿಂದ ಪೆಟ್ಟು ಕೊಟ್ಟು ಪರೀಕ್ಷೆ ನಡೆಸುತ್ತಾರೆ. ಮತ್ತೆ ಅವನ್ನು ಎಚ್ಚರಿಸುವುದಿಲ್ಲ.

ಅಂಥ ಹಳೆಯ ಪರೀಕ್ಷೆಗಳ ದಾಖಲೆ ಸ್ವೀಡನ್ನಿನ ಒಂದು ಪ್ರಯೋಗಾಲಯದಲ್ಲಿತ್ತು. ನಮ್ಮ ಕಂಪ್ಯೂಟರ್ ಹಂದಿಯ ಎದೆ ಅದಕ್ಕೆ ತಾಳೆಯಾದರೆ ಮಾತ್ರ ಮನುಷ್ಯನ ಎದೆಯ ಲೆಕ್ಕವನ್ನೂ ನಂಬಬಹುದಿತ್ತು. ಆಗಲಿಲ್ಲ. ನಿಜವಾದ ಹಂದಿಯ ಎದೆ ತಗ್ಗಿದಷ್ಟು ನಮ್ಮದು ತಗ್ಗುತ್ತಲೇ ಇರಲಿಲ್ಲ, ಹಲಗೆಯ ಹಾಗೆ ಬಿರುಸು. ಒಂದೋ ನಮ್ಮ ಲೆಕ್ಕ ತಪ್ಪು, ಇಲ್ಲವೇ ಅವರ ಹಳೆಯ ದಾಖಲೆ ತಪ್ಪು. ನಾನಲ್ಲಿ ಇರುವಷ್ಟರಲ್ಲಿ ಇತ್ಯರ್ಥವಾಗದಿದ್ದರೆ ಹೊಸ ಹಂದಿಗಳ ಮೇಲೆ ಮತ್ತೆ ಪರೀಕ್ಷೆ. ಅದಕ್ಕೆ ಅನುಮತಿಯೂ ಸಿಕ್ಕಿತ್ತು, ಹಂದಿಗಳೂ ಬಂದು ಕೊಟ್ಟಿಗೆಯಲ್ಲಿದ್ದವು.

ಇದನ್ನೆಲ್ಲ ಅಮ್ಮನಿಗೆ ಹೇಳಿದ್ದೇ ನನ್ನ ತಪ್ಪಾಯಿತು. ಉಡುಪಿ ಕಡೆಯವಳಾದ ಅವಳಿಗೆ ಮೀನಿಲ್ಲದೆ ಊಟ ಸೇರುವುದಿಲ್ಲ, ಆದ್ದರಿಂದ ಪ್ರಾಣಿದಯೆಯ ಉಪದೇಶವೇನೂ ಬರಲಾರದು ಎಂದುಕೊಂಡಿದ್ದೆ.

“ತಿನ್ನುವುದಾದ್ರೆ ತಿನ್ನಲಿ ಮಾರಾಯ್ತಿ, ಅದಕ್ಕೆ ಎದೆಗೆ ಗುದ್ದುವುದು ಎಂತಕ್ಕೆ?” ಎಂದಳು. “ನೀನು ಹೋಗ್ತಿದ್ದಿಯಲ್ಲ, ಹೇಗಾದ್ರೂ ಮಾಡಿ ಅವುಗಳನ್ನು ಬಿಡಿಸಿಯೇ ಬಾ.”

ಹೀಗೆ ಪ್ರಯೋಗಾಲಯದ ಕೆಲಸಕ್ಕೆ ಹೊರಟವಳು ಕೊನೆಗೆ ಹಂದಿಗಳಿಗೆ ಜಾಮೀನು ಕೊಡಿಸಲು ಹೊರಟಂತಾಯಿತು.

ಬಸ್ ಸ್ಟಾಪಿನಲ್ಲಿ

ನಾನು ಇಳಿದದ್ದು ಸ್ವೀಡನ್ನಿನ ಉತ್ತರದ ಒಂದು ಸಣ್ಣ ಊರಿನಲ್ಲಿ. ಮಾರ್ಚ್ ಮುಗಿಯುತ್ತ ಬಂದಿದ್ದರೂ ರಸ್ತೆಯ ಬದಿಗೆ ಹಿಮ ರಾಶಿ ಬಿದ್ದಿತ್ತು. ಬಿಳಿಯದಲ್ಲ, ನಮ್ಮ ಮೆಟ್ರೋ ಕಾಮಗಾರಿಯ ಪಕ್ಕದಲ್ಲಿ ಸುರಿದ ಸಿಮೆಂಟಿನ ಬಣ್ಣದ್ದು. ಜನ ಎಲ್ಲಿ ಎಂದು ಹುಡುಕಿದೆ. ಬಸ್ ಸ್ಟಾಪಿನಲ್ಲಿ ಮೂವರು ಕಂಡರು. ಒಬ್ಬರಿಂದ ಒಬ್ಬರಿಗೆ ಎಷ್ಟು ದೂರವೆಂದರೆ ನಡುವೆ ಒಂದೊಂದು ರಿಕ್ಷಾ ನಿಲ್ಲಿಸಬಹುದಿತ್ತು.

ಖಾಲಿ ಜಾಗ ಕಂಡರೆ ಅದನ್ನು ತುಂಬಬೇಕೆಂಬುದು ನಮ್ಮೂರಿನ ಶಿಸ್ತು. ನಾನು ಹೋಗಿ ಮುಂದಿನವರ ಹಿಂದೆ ನಿಂತೆ. ಆತ ಎರಡು ಹೆಜ್ಜೆ ಮುಂದೆ ಹೋದರು. ಸಾಲು ಮುಂದಕ್ಕೆ ಸರಿಯಿತು ಎಂದು ನಾನೂ ಸರಿದೆ. ಆತ ಮತ್ತೆ ಸರಿದರು. ಹೀಗೆ ಕಂಬದ ಸುತ್ತ ಅರ್ಧ ಪ್ರದಕ್ಷಿಣೆ ಆದ ಮೇಲೆ, ಆತ ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದು ನನ್ನ ತಲೆಗೆ ಹೊಳೆಯಿತು. ನಾಚಿಕೆಯಾಗಿ ಹಿಮದ ರಾಶಿಯ ಪಕ್ಕಕ್ಕೆ ಹೋಗಿ ನಿಂತೆ. ಬಸ್ಸು ಬಂದಾಗ ನೂಕದೆಯೇ ಹತ್ತಬಹುದೆಂದು ತಿಳಿಯದೆ ಬೆನ್ನಚೀಲವನ್ನು ಎದೆಗೆ ಹಾಕಿಕೊಂಡು, ತಲೆ ತಗ್ಗಿಸಿ, ಪಕ್ಕದ ಕಂಬಿ ಹಿಡಿದು ನುಗ್ಗಿದೆ. ಒಳಗೆ ಹೆಚ್ಚುಕಡಿಮೆ ಎಲ್ಲ ಸೀಟುಗಳೂ ಖಾಲಿ ಇದ್ದವು. ಚಾಲಕಿ ನನ್ನನ್ನು ಒಂದು ಕ್ಷಣ ನೋಡಿ, ಏನೂ ಕಾಣದವರಂತೆ ಗಾಡಿ ಬಿಟ್ಟರು. ಇಡೀ ಬಸ್ಸಿನಲ್ಲಿ ಒಬ್ಬರೂ ಮಾತಾಡಲಿಲ್ಲ, ಫೋನಿನಲ್ಲಿ ಕೂಡ. ನಮ್ಮ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ವಡಾಲದಿಂದ ಮಾಹಿಮ್ ತಲುಪುವುದರೊಳಗೆ ಎರಡು ಮದುವೆ ಮಾತುಕತೆ ಮುಗಿದಿರುತ್ತದೆ.

ಕೊಟ್ಟಿಗೆ

ಪ್ರಯೋಗಾಲಯದಲ್ಲಿ ನನಗೆ ಜೊತೆಯಾದವರು ಗುನಿಲ್ಲಾ. ಹಂದಿಗಳ ಹೊಣೆ ಹೊತ್ತ ಪಶುವೈದ್ಯೆ, ನನಗಿಂತ ಹಿರಿಯರು, ನನಗಿಂತ ಎರಡು ಗೇಣು ಎತ್ತರ. ಅಲ್ಲಿ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಕೇಳಲಿಲ್ಲ. ‘ಮೇಡಂ’ ಎಂದಾಗಲೆಲ್ಲ ಅವರು ಬೇರೆ ಯಾರಾದರೂ ಬಂದರೇ ಎಂದು ಹಿಂದೆ ನೋಡುತ್ತಿದ್ದರು. ಅವರ ಒಂದು ಅಭ್ಯಾಸ ನನ್ನನ್ನು ಬೆಚ್ಚಿಬೀಳಿಸುತ್ತಿತ್ತು. ಮಾತಿನ ನಡುವೆ ತಟಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಿದ್ದರು. ಏನು ಅನಾಹುತವಾಯಿತೋ ಎಂದು ನಾನು ಸುತ್ತ ನೋಡುತ್ತಿದ್ದೆ. ಹೌದು ಎನ್ನುವುದನ್ನು ಆ ಕಡೆಯವರು ಹಾಗೆಯೇ ಹೇಳುವುದಂತೆ. ಊಟ ಆಯಿತೇ ಎಂದು ಕೇಳಿದರೂ ಅದೇ ಉತ್ತರ.

ನನ್ನ ಎದೆಗೂಡನ್ನು ಅವರು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗಿ, ಕೋಟು ತೂಗುಹಾಕುವ ಕಂಬದ ಪಕ್ಕದಲ್ಲಿ ನಿಲ್ಲಿಸಿದರು. ಮರುದಿನವೇ ಅದಕ್ಕೆ ಯಾರೋ ಉಣ್ಣೆಯ ಮಫ್ಲರು ಸುತ್ತಿದ್ದರು. ಚಕ್ಕುಲಿ ಅಷ್ಟರಲ್ಲಿ ಖಾಲಿ.

ಆಮೇಲೆ ಹಂದಿಗಳನ್ನು ತೋರಿಸಿದರು. ಹತ್ತಿರದ ಕೃಷಿಶಾಲೆಯಿಂದ ತಂದ ಹೆಣ್ಣುಹಂದಿಗಳು, ಇನ್ನೂ ಎಳೆಯವು. ನಾನು ಹಂದಿ ಎಂದರೆ ಗಟಾರದ ಅಂಚಿನಲ್ಲಿ ಕಂಡವಳು. ಇವು ಗುಲಾಬಿ ಬಣ್ಣದವು, ಒಣಹುಲ್ಲಿನ ಮೇಲೆ ಹಾಯಾಗಿ ಬಿದ್ದುಕೊಂಡಿದ್ದವು, ಉದ್ದನೆಯ ಬಿಳಿ ರೆಪ್ಪೆಗಳ ಕೆಳಗಿಂದ ನಮ್ಮನ್ನು ಅಳೆದು ನೋಡುತ್ತಿದ್ದವು. ಅವುಗಳಲ್ಲೊಂದು ಎದ್ದು ಬಂದು ನನ್ನ ಬೂಟಿನ ದಾರ ಬಿಚ್ಚಿತು. ನಾನು ಕಟ್ಟಿಕೊಂಡೆ. ಅದು ಮತ್ತೆ ಬಿಚ್ಚಿತು. ಮೂರನೆಯ ಸಲ ನಾನೇ ಕಾಲು ಮುಂದೆ ಚಾಚಿದೆ. ಎಂಥ ಸಂತೋಷ ಅದರ ಮುಖದಲ್ಲಿ! ಅದೇ ಗಳಿಗೆಯಲ್ಲಿ ನನಗೆ ಅಮ್ಮನ ಮಾತು ನೆನಪಾಗಿ ಕಾಲು ಹಿಂದಕ್ಕೆಳೆದುಕೊಂಡೆ.

ಗುನಿಲ್ಲಾ ಹಂದಿಮಾಂಸ ತಿನ್ನುವವರೇ. ಆದರೆ ಕೊಟ್ಟಿಗೆಯಲ್ಲಿ ಪರೀಕ್ಷೆಯ ಹಂದಿಗಳು ಇರುವಷ್ಟು ದಿನ ಮುಟ್ಟುವುದಿಲ್ಲ. ಅದು ಯಾರೋ ಹಾಕಿದ ನಿಯಮವಲ್ಲ, ತಾವೇ ಹಾಕಿಕೊಂಡದ್ದು. ಆ ಗುರುವಾರ ಕ್ಯಾಂಟೀನಿನಲ್ಲಿ ಎಲ್ಲರೂ ಬಟಾಣಿ ಸೂಪಿನ ಜೊತೆ ಹಂದಿಮಾಂಸ ತಿನ್ನುತ್ತಿದ್ದಾಗ, ಅವರೂ ನಾನೂ ಮೂಲೆಯಲ್ಲಿ ಕೂತು ಪ್ಯಾನ್‌ಕೇಕು ತಿಂದೆವು. ನಮ್ಮ ನೀರುದೋಸೆಯ ದೂರದ ನೆಂಟನಂತಿತ್ತು, ಮೇಲೆ ಜಾಮ್ ಮಾತ್ರ ಸಹಿಸಲಾಗಲಿಲ್ಲ. ನಿನ್ನ ಕಂಪ್ಯೂಟರ್ ಹಂದಿ ಸರಿಯಾಗಿ ನಡೆದುಕೊಂಡಿದ್ದರೆ ಇವುಗಳನ್ನು ತರಿಸುವ ಅಗತ್ಯವೇ ಇರಲಿಲ್ಲ ಎಂದು ಅವರು ನಗುತ್ತಲೇ ಹೇಳಿದರು. ಆದರೆ ಅವರ ತಟ್ಟೆಯಲ್ಲಿ ಪ್ಯಾನ್‌ಕೇಕು ಅರ್ಧ ಉಳಿದಿತ್ತು.

ಬೆಲ್ಟಿನ ಕುರ್ಚಿ

ಮೊದಲ ಕೆಲವು ದಿನ ಹಳೆಯ ದಾಖಲೆಗಳನ್ನು ಜಾಲಾಡಿದೆವು. ಅವರ ಉಪಕರಣದಲ್ಲಿ ದೋಷ ಹುಡುಕಿದೆವು, ಸಿಗಲಿಲ್ಲ. ನಮ್ಮ ಲೆಕ್ಕದಲ್ಲಿ ಹುಡುಕಿದೆವು, ಅಲ್ಲೂ ಸಿಗಲಿಲ್ಲ. ಅತ್ತ ವಿಲೆ ಪಾರ್ಲೆಯಲ್ಲಿ ಸಿದ್ದೇಶ ಸಾಲು ಸಾಲಾಗಿ ತಿರುವಿಹಾಕಿ, ಫೋನಿನಲ್ಲಿ ಬರೀ ಕೆಟ್ಟ ಸುದ್ದಿಯನ್ನೇ ಕೊಡುತ್ತಿದ್ದ. ಪರೀಕ್ಷೆಯ ದಿನ ಹತ್ತಿರವಾಗುತ್ತಿತ್ತು. ಆ ವಾರ ಕೊಟ್ಟಿಗೆಯ ಕಡೆ ಹೋಗುವುದನ್ನೇ ಬಿಟ್ಟೆ, ಬೂಟಿನ ದಾರ ಬಿಚ್ಚುವವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಉಳಿದದ್ದು ಒಂದೇ ದಾರಿ. ಕಂಪ್ಯೂಟರಿನ ಹಂದಿಗೆ ಎಲುಬು ಹಂದಿಯದೇ ಕೊಟ್ಟಿದ್ದರೂ, ಮಾಂಸಖಂಡದ ಬಿಗುವಿನ ಲೆಕ್ಕವನ್ನು ನಾವು ಮನುಷ್ಯರಿಂದ ತಂದಿದ್ದೆವು. ಕಾಲೇಜಿನ ಸಮಿತಿಯ ಒಪ್ಪಿಗೆ ಪಡೆದು, ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಕುರ್ಚಿಯಲ್ಲಿ ಕೂರಿಸಿ, ಎದೆಯ ಮೇಲೆ ಅಗಲವಾದ ಬೆಲ್ಟನ್ನು ಮೆಲ್ಲಗೆ ಬಿಗಿದು, ಎದೆ ಎಷ್ಟು ತಗ್ಗುತ್ತದೆಂದು ಅಳೆದಿದ್ದೆವು. ಯಾರಿಗೂ ನೋವಾಗದಷ್ಟೇ ಬಿಗಿ. ಅಂಥದೇ ಕುರ್ಚಿ ಇಲ್ಲೂ ಇತ್ತು. ನಮ್ಮ ಕುರ್ಚಿಯೇ ಕೆಟ್ಟಿರಬಹುದೇ ಎಂಬ ಅನುಮಾನ ಬಂದು, ಇಲ್ಲಿ ಕೂತು ನೋಡೋಣವೆಂದೆ.

ಮೊದಲು ಗುನಿಲ್ಲಾ ಕೂತರು. ಬೆಲ್ಟು ಬಿಗಿಯಿತು, ಅವರ ಎದೆ ದಿಂಬಿನಂತೆ ಮೆತ್ತಗೆ ತಗ್ಗಿತು. ಆಮೇಲೆ ನಾನು ಕೂತೆ. ಬೆಲ್ಟು ಬಿಗಿಯಿತು. ಎದೆ ತಗ್ಗಲೇ ಇಲ್ಲ, ಪರದೆಯ ಮೇಲಿನ ಗೆರೆ ನೇರ ಮೇಲಕ್ಕೆ ಹೋಯಿತು. ವಿಲೆ ಪಾರ್ಲೆಯ ಕುರ್ಚಿಯಲ್ಲಿ ನನ್ನದು ಹೇಗಿತ್ತೋ ಇಲ್ಲೂ ಹಾಗೆಯೇ. ಅಲ್ಲಿಗೆ ಕುರ್ಚಿ ನಿರಪರಾಧಿ ಎಂದಾಯಿತು. ನಾನು ಕೈಚೆಲ್ಲಿ ಕೂತೆ.

ಗುನಿಲ್ಲಾ ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಇನ್ನೊಮ್ಮೆ ಬಿಗಿಯುತ್ತೇನೆ ಎಂದರು. ಬಿಗಿದರು. ಬೆಲ್ಟು ಎದೆಗೆ ತಾಗಿದ ಕೂಡಲೇ ನಿಲ್ಲಿಸಿ, ನೀನು ಯಾರನ್ನು ತಡೆಯುತ್ತಿದ್ದೀಯ ಎಂದು ಕೇಳಿದರು.

ನಾನು ನನ್ನನ್ನೇ ನೋಡಿಕೊಂಡೆ. ಎರಡೂ ಮೊಳಕೈ ಹೊರಕ್ಕೆ ಚಾಚಿದ್ದವು. ಪಾದಗಳು ಅಗಲವಾಗಿ ನೆಲಕ್ಕೆ ಕಚ್ಚಿಕೊಂಡಿದ್ದವು. ಭುಜ ಮುಂದಕ್ಕೆ ಬಾಗಿತ್ತು, ಗದ್ದ ಕೆಳಗಿತ್ತು, ಎದೆಯ ತುಂಬ ಉಸಿರು ತುಂಬಿ ಬಾಯಿ ಬಿಗಿದುಕೊಂಡಿದ್ದೆ.

“ಕುರ್ಲಾ ಬಂತು,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಕಾಲೇಜು ಕಲಿಯುವಾಗ ನಾನು ದಿನವೂ ವಡಾಲದಿಂದ ಹೋಗಿ ಕುರ್ಲಾ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತಿದ್ದವಳು. ಗಾಡಿ ನಿಲ್ಲುವ ಮೊದಲೇ ಜನ ಒಳನುಗ್ಗುತ್ತಾರೆ. ಆಗ ಉಸಿರು ತುಂಬಿಕೊಂಡು, ಮೊಳಕೈ ಚಾಚಿ, ಎದೆಯನ್ನು ಕಲ್ಲು ಮಾಡಿಕೊಳ್ಳದಿದ್ದರೆ ಆಚೆ ಬಾಗಿಲಿಗೆ ಅಪ್ಪಚ್ಚಿಯಾಗಿ ಅಂಟಿಕೊಳ್ಳಬೇಕು. ಯಾರೂ ಕಲಿಸುವುದಿಲ್ಲ, ಈಜು ಬಂದಂತೆ ತಾನೇ ಬರುತ್ತದೆ. ಎದೆಗೆ ಏನು ತಾಗಿದರೂ ಸಾಕು, ಮೈ ತಾನೇ ಕುರ್ಲಾಕ್ಕೆ ಸಿದ್ಧವಾಗುತ್ತದೆ. ಇದನ್ನು ಅವರಿಗೆ ನಿಂತು, ಅಭಿನಯಿಸಿ ತೋರಿಸಿದೆ. ನಗು ತಡೆಯಲಾರದೆ ಅವರು ಗೋಡೆಗೆ ಒರಗಿಕೊಂಡರು.

ನಗು ನಿಂತ ಮೇಲೆ ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ನಮ್ಮ ಕುರ್ಚಿಯಲ್ಲಿ ಕೂತವರೆಲ್ಲ ಮುಂಬಯಿಯವರು. ವಿರಾರಿನಿಂದ, ಕಲ್ಯಾಣದಿಂದ, ಪನ್ವೇಲದಿಂದ ದಿನವೂ ಲೋಕಲಿನಲ್ಲಿ ಜೋತುಬಿದ್ದು ಬರುವವರು. ಅರಿವಳಿಕೆಯಲ್ಲಿ ಮಲಗಿದ ಹಂದಿಯ ಮೈಯಲ್ಲಿ ಒಂದಿಷ್ಟೂ ಬಿಗುವಿರುವುದಿಲ್ಲ. ಅಂಥ ಹಂದಿಯ ಎದೆಗೆ ನಾವು ಲೋಕಲ್ ಪ್ರಯಾಣಿಕರ ಮಾಂಸಖಂಡ ಜೋಡಿಸಿ, ಅದು ಯಾಕೆ ತಗ್ಗುವುದಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆವು.

ವಿಲೆ ಪಾರ್ಲೆ, ಫೋನಿನ ಆ ತುದಿ

ಸಿದ್ದೇಶನ ತಂದೆತಾಯಿ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಧಾರಾವಿಯಲ್ಲಿ ನೆಲೆಸಿದವರು. ಅವನು ಹುಟ್ಟಿದ್ದು, ಬೆಳೆದದ್ದು, ಈಗ ಡಾಕ್ಟರೇಟ್ ಮಾಡುತ್ತಿರುವುದು ಎಲ್ಲ ಮುಂಬಯಿಯಲ್ಲಿಯೇ. ಅವನಿಗೆ ವಿಷಯ ಹೇಳಿದೆ. ಕುರ್ಚಿಯಲ್ಲಿ ಕೂರಿಸಿ ಅಳೆಯುವಾಗ ತೆಗೆದಿದ್ದ ಹಳೆಯ ವೀಡಿಯೊಗಳನ್ನು ಮತ್ತೆ ನೋಡಿ ಫೋನು ಮಾಡಿದ.

“ಮೇಡಮ್ಮರ, ಎಲ್ಲಾರೂ ಉಸುರ ಹಿಡದಾರ್ರೀ,” ಎಂದ. “ಬೆಲ್ಟ್ ಎದಿಗೆ ಹತ್ತಿದ ಕೂಡ್ಲೆ ಮೊಳಕೈ ಹೊರಗ ಬರ್ತಾವ. ನಾನೂ ಹಂಗ ಮಾಡೀನ್ರೀ, ಗೊತ್ತ ಆಗಿಲ್ಲ ನೋಡ್ರಿ.”

ಅವರನ್ನೆಲ್ಲ ಮತ್ತೆ ಕರೆಸಿ, ಮೈ ಸಡಿಲ ಬಿಟ್ಟು ಕೂರಿಸಿ ಅಳೆಯಬೇಕಿತ್ತು. ಹೇಳುವುದು ಸುಲಭ. ಆರಾಮವಾಗಿ ಕೂರಿ ಎಂದರೆ ಮುಂಬಯಿಯವರು ಇನ್ನಷ್ಟು ಗಟ್ಟಿಯಾಗುತ್ತಾರೆ, ಅದರ ಹಿಂದೆ ಏನೋ ಮೋಸವಿದೆ ಎಂದು. ಗಾಡಿ ಖಾಲಿ ಇದೆ, ವಿಂಡೋ ಸೀಟು ಸಿಕ್ಕಿದೆ ಎಂದು ಭಾವಿಸಿಕೊಳ್ಳಿ ಎಂದು ಸಿದ್ದೇಶ ಹೇಳಿ ನೋಡಿದನಂತೆ. ವಿರಾರಿನಿಂದ ಬರುವ ಒಬ್ಬ ವಿದ್ಯಾರ್ಥಿ, ಅಂಥದು ಯಾವ ಗಾಡಿ, ಎಷ್ಟು ಗಂಟೆಗೆ ಎಂದು ಕೇಳಿದನಂತೆ. ಕೊನೆಗೆ ಸಿದ್ದೇಶನಿಗೇ ಒಂದು ಉಪಾಯ ಹೊಳೆಯಿತು. ಎಲ್ಲರಿಗೂ ಇಷ್ಟದ ಒಂದು ಹಾಡನ್ನು ಗುನುಗಲು ಹೇಳಿದ. ಗುನುಗುವಾಗ ಉಸಿರು ಹಿಡಿಯಲಾಗದು. ಹಾಡು ನೆನಪಿಸಿಕೊಳ್ಳುವ ಭರದಲ್ಲಿ ಬೆಲ್ಟು ಯಾವಾಗ ಬಿಗಿಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಫೋನಿನಲ್ಲಿ ಕೇಳುತ್ತಿದ್ದರೆ ನಮ್ಮ ಪ್ರಯೋಗಾಲಯ ಭಜನಾ ಮಂಡಳಿಯಾಗಿತ್ತು. ಗ್ರಂಥಾಲಯದವರು ದೂರು ಕೊಟ್ಟರಂತೆ.

ಹೊಸ ಲೆಕ್ಕ ಬಂತು. ಬಿಗಿದ ಎದೆ ಬೇರೆ, ಸಡಿಲ ಎದೆ ಬೇರೆ ಎಂದು ಸ್ಪಷ್ಟವಾಗಿ ಎರಡಾಯಿತು. ಕಂಪ್ಯೂಟರಿನ ಹಂದಿಗೆ ಸಡಿಲ ಮಾಂಸಖಂಡ ಕೊಟ್ಟು, ನಾನೂ ಗುನಿಲ್ಲಾರೂ ಕಾಫಿ ಮುಂದಿಟ್ಟುಕೊಂಡು ಪರದೆಯ ಮುಂದೆ ಕೂತೆವು. ಹಳೆಯ ದಾಖಲೆಯ ಗೆರೆ ನೀಲಿ. ನಮ್ಮದು ಕೆಂಪು. ಕೆಂಪು ಗೆರೆ ಏರತೊಡಗಿತು, ನೀಲಿಯ ಪಕ್ಕದಲ್ಲೇ ಬಂತು, ಬಾಗಿತು, ನೀಲಿಯ ಮೇಲೆಯೇ ಮಲಗಿತು. ದಾಖಲೆಯಲ್ಲಿದ್ದ ಬೇರೆ ಬೇರೆ ಪೆಟ್ಟುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆವು. ಎಲ್ಲವೂ ಸರಿಸುಮಾರು ಕೂಡಿ ಬಂದವು. ಗುನಿಲ್ಲಾ ಕಾಫಿ ಮುಟ್ಟಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಹಳೆಯ ದಾಖಲೆ ಸರಿಯಾಗಿಯೇ ಇದೆ, ಹೊಸ ಪರೀಕ್ಷೆ ಬೇಡ ಎಂದು ಅವರ ಸಮಿತಿ ತೀರ್ಮಾನಿಸಿತು. ಇನ್ನು ಮುಂದೆ ಎಂದೂ ಬೇಡವೇ ಎಂದು ಕೇಳಿದೆ. ಗುನಿಲ್ಲಾ ಸುಳ್ಳು ಹೇಳುವವರಲ್ಲ. ಮುಂದೆ ಯಾವತ್ತಾದರೂ ಬೇಕಾಗಬಹುದು, ಈ ಸಲ ಬೇಡ ಎಂದರು.

ಕೊಟ್ಟಿಗೆಯ ಬಾಗಿಲು

ಹೊರಡುವ ಹಿಂದಿನ ದಿನ ಕೃಷಿಶಾಲೆಯ ಗಾಡಿ ಬಂತು. ಮರಿ ಹಾಕಿಸಲು ಹಂದಿಗಳನ್ನು ಅವರು ವಾಪಸು ಕರೆದುಕೊಂಡು ಹೋಗುವವರಿದ್ದರು. ಅವು ಹತ್ತಲು ಸುತರಾಂ ಒಪ್ಪಲಿಲ್ಲ. ಬೆಚ್ಚಗಿನ ಹುಲ್ಲು ಬಿಟ್ಟು ಹಿಮದಲ್ಲಿ ನಿಂತ ಗಾಡಿಗೆ ಯಾಕೆ ಹೋಗಬೇಕೆಂಬುದು ಅವುಗಳ ವಾದ. ಬಿಡುಗಡೆ ಎಂದು ಅವುಗಳಿಗೆ ಹೇಗೆ ತಿಳಿಸುವುದು? ಚಾಲಕ ಕರೆದರು, ಗುನಿಲ್ಲಾ ಹುಸಿಕೋಪ ತೋರಿಸಿದರು, ನಾನು ಹಿಂದಿನಿಂದ ಭುಜ ಕೊಟ್ಟು ನೂಕಿದೆ. ಅಷ್ಟು ದಿನ ಆ ಊರಿನಲ್ಲಿ ಯಾರನ್ನೂ ಮುಟ್ಟದೆ, ಅಂತರ ಕಾಯ್ದುಕೊಂಡು ಬಿಗುಮಾನದಿಂದಿದ್ದವಳು, ಕೊನೆಗೆ ಮನಸಾರೆ ನೂಕಿದ್ದು ಹಂದಿಗಳನ್ನು. ಹತ್ತಿಸಿ ಮುಗಿಯುವಷ್ಟರಲ್ಲಿ ನನ್ನ ಎರಡೂ ಬೂಟಿನ ದಾರ ಬಿಚ್ಚಿಹೋಗಿದ್ದವು. ಆ ಸಂಜೆ ಗುನಿಲ್ಲಾ ತಮ್ಮ ಮನೆಗೆ ಊಟಕ್ಕೆ ಕರೆದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಪದ್ಧತಿ ಅಲ್ಲೂ ಇದೆ ಎಂದು ಕಂಡು ನನಗೆ ತವರಿಗೆ ಬಂದಂತಾಯಿತು.

ಮತ್ತೆ ಇಲ್ಲಿ

ಊರಿಗೆ ಬಂದು ಮನೆಯಲ್ಲಿ ಚೀಲ ಇಳಿಸುವ ಮೊದಲೇ ಅಮ್ಮ ಕೇಳಿದ್ದು ಹಂದಿಗಳ ಸುದ್ದಿಯನ್ನು. ಬಿಡಿಸಿಕೊಟ್ಟು ಬಂದೆ ಎಂದೆ. ಅವಳು ಪೂರ್ತಿ ನಂಬಲಿಲ್ಲ. ಗುನಿಲ್ಲಾ ಕಳಿಸಿದ ಫೋಟೋ ತೋರಿಸಿದ ಮೇಲೆ, ಒಳ್ಳೆ ಹುಡುಗಿಯರ ಹಾಗೆ ಉಂಟು ಎಂದು ಒಪ್ಪಿಕೊಂಡಳು. ಹಾಗಾದರೆ ಈಗ ನೀವು ಗುದ್ದುವುದು ಯಾರಿಗೆ ಎಂಬ ಹೊಸ ಪ್ರಶ್ನೆ ತೆಗೆದಳು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಒಂದು ಮಧ್ಯಾಹ್ನ ಅವಳನ್ನು ಹಾರ್ಬರ್ ಲೈನಿನ ಗಾಡಿ ಹತ್ತಿಸಿ ವಿಲೆ ಪಾರ್ಲೆಗೆ ಕರೆತಂದೆ. ಬರುವಾಗ ಸಿದ್ದೇಶನಿಗೆಂದು ಬಂಗುಡೆ ಹುರಿದು ಡಬ್ಬಿಯಲ್ಲಿ ತಂದಿದ್ದಳು. ಅವನು ಲಿಂಗಾಯತರವನು, ಮೀನು ತಿನ್ನುವುದಿಲ್ಲ. ಹಾಗೆನ್ನಲಾಗದೆ ಡಬ್ಬಿ ಹಿಡಿದುಕೊಂಡು ನಿಂತ ಅವನ ಪಾಡು ನೋಡಿ ನಾನೇ ಅದನ್ನು ತೆಗೆದಿಟ್ಟುಕೊಂಡೆ.

ಸಿದ್ದೇಶ ಪರದೆ ತೆರೆದ. ನಾವು ಮೊದಲಿನಿಂದ ಮಾಡಬೇಕೆಂದುಕೊಂಡಿದ್ದು ಇದನ್ನೇ. ರಿಕ್ಷಾದ ಹ್ಯಾಂಡಲ್, ಅದರ ಹಿಂದೆ ಮನುಷ್ಯನ ಎದೆ. ಚರ್ಮವಿಲ್ಲ, ಮುಖವಿಲ್ಲ, ಬರೀ ಎಲುಬು, ಶ್ವಾಸಕೋಶ, ನಡುವೆ ಹೃದಯ. ರಿಕ್ಷಾ ಎದುರಿನ ಲಾರಿಗೆ ಬಡಿಯಿತು. ಹ್ಯಾಂಡಲ್ ಮೆಲ್ಲಗೆ, ತೀರಾ ಮೆಲ್ಲಗೆ ಎದೆಯೊಳಗೆ ಇಳಿಯಿತು. ಪಕ್ಕೆಲುಬುಗಳು ಹಳದಿಯಾದವು, ಕೆಂಪಾದವು, ಎರಡು ಕಡೆ ಬಿರಿದು ತುಂಡಾದವು. ಅವುಗಳ ಹಿಂದಿನ ಶ್ವಾಸಕೋಶ ಕಪ್ಪಿಟ್ಟಿತು. ಅಮ್ಮ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

“ಅಯ್ಯೋ ಪಾಪ. ಇದು ಯಾರದ್ದು?”

“ಯಾರದ್ದೂ ಅಲ್ಲಮ್ಮ.”

“ಯಾರಿಗೂ ನೋವಾಗ್ಲಿಲ್ವಾ?”

“ಯಾರಿಗೂ ಇಲ್ಲ.”

ಅಮ್ಮ ನನ್ನ ಮುಖ ನೋಡಿದಳು, ಸಿದ್ದೇಶನ ಮುಖ ನೋಡಿದಳು. ಆಮೇಲೆ ಕೈಚೀಲ ಕೆಳಗಿಟ್ಟು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

“ಹಾಗಾದ್ರೆ ಇನ್ನೊಮ್ಮೆ ಮುರಿ. ಸರಿ ನೋಡುವ.”